ನನ್ನ ಹೆಸರಿನ ಮುಂದೆ ಇಪ್ಪತ್ತೇಳು ಸಾಲು

ನನ್ನ ಬಗ್ಗೆ ಒಟ್ಟು ಇಪ್ಪತ್ತೇಳು ಸಾಲುಗಳಿದ್ದವು. ಅವುಗಳಲ್ಲಿ ನಾನು ಬರೆದದ್ದು ನಾಲ್ಕೇ: ಹೆಸರು, ವಯಸ್ಸು, ಓದು, ಕೆಲಸ. ಉಳಿದ ಇಪ್ಪತ್ಮೂರನ್ನು ಯಾರ್ಯಾರೋ ಬರೆದಿದ್ದರು, ಇಲ್ಲವೇ ಯಾರ್ಯಾರೋ ಬರೆಸಿದ್ದರು. ಅವು ಕೂತಿದ್ದ ಜಾಗವನ್ನು ಕಟ್ಟಿದವಳು ಮಾತ್ರ ನಾನೇ. ಹೀಗಾಗಿ ಯಾರ ಮೇಲಾದರೂ ಸಿಟ್ಟು ಮಾಡೋಣವೆಂದು ಹೊರಟರೆ ಅದು ಓಣಿ ಸುತ್ತಿ ಮತ್ತೆ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ.

ನಾನು ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಮನೆ ಬೆಟಗೇರಿಯಲ್ಲಿ. ಮನೆಯಲ್ಲಿ ನಾನು, ಅವ್ವ, ಇಬ್ಬರೇ. ಅಪ್ಪ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅಪ್ಪನ ದೂರದ ತಮ್ಮ ಇದ್ದಾರೆ. ನನಗೆ ಅವರು ಕಾಕಾ. ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ತಮ್ಮ ಪಡಸಾಲೆಯಲ್ಲೇ ವಧೂವರರ ಕೇಂದ್ರ ತೆಗೆದರು. ಒಂದು ಮೇಜು, ಒಂದು ಕಬ್ಬಿಣದ ಕಪಾಟು, ಕಪಾಟಿನ ತುಂಬ ಉದ್ದನೆಯ ಪುಸ್ತಕಗಳು. ಲಕ್ಷ್ಮೇಶ್ವರದಲ್ಲಿ ಒಬ್ಬ ಹೊಲಿಗೆ ಅಕ್ಕ, ಶಿರಹಟ್ಟಿಯಲ್ಲಿ ಒಬ್ಬ ನಿವೃತ್ತ ಗುಮಾಸ್ತರು, ಮುಂಡರಗಿಯಲ್ಲಿ ಬಳೆ ಅಂಗಡಿಯ ಒಬ್ಬ ಹೆಂಗಸು, ಈ ಮೂವರು ಅವರಿಗೆ ಆಯಾ ಊರಿನ ಕಣ್ಣು ಕಿವಿ.

ಕಾಕಾ ಪುಸ್ತಕ ಬರೆಯುವ ರೀತಿಯನ್ನು ಹೇಳಲೇಬೇಕು, ಏಕೆಂದರೆ ನಾನು ಮಾಡಿದ ತಪ್ಪು ಅಲ್ಲಿಯೇ ಇದೆ. ಒಬ್ಬರಿಗೆ ಒಂದು ಪುಟ. ಗಟ್ಟಿಯಾದ ಮಾತು ನೀಲಿ ಶಾಯಿಯಲ್ಲಿ. ಇನ್ನೂ ಗಟ್ಟಿಯಾಗದ ಮಾತು ಪೆನ್ಸಿಲಿನಲ್ಲಿ. ನಮ್ಮ ಕಡೆ ಸಂಬಂಧ ಅಂದರೆ ವಿಚಾರಣೆ ಇದ್ದದ್ದೇ. ಹಾಲಿನವನನ್ನು ಕೇಳುತ್ತಾರೆ, ಆಜುಬಾಜಿನವರನ್ನು ಕೇಳುತ್ತಾರೆ, ಹಿಟ್ಟಿನ ಗಿರಣಿಯಲ್ಲಿ ನಿಂತು ಕೇಳುತ್ತಾರೆ. ಹಾಗೆ ಬಂದ ಖಬರೆಲ್ಲ ಪೆನ್ಸಿಲು. ಸುಳ್ಳೆಂದು ತಿಳಿದ ದಿನ ಕಾಕಾ ರಬ್ಬರು ತೆಗೆದುಕೊಂಡು ಉಜ್ಜಿ, ಕಾಗದದ ಮೇಲೆ ಉಫ್ ಎಂದು ಊದಿಬಿಡುತ್ತಿದ್ದರು. ಸಂಬಂಧ ಕೇಳಿ ಬಂದವರಿಗೆ ಓದಿ ಹೇಳುವಾಗ ಶಾಯಿಯದಷ್ಟೇ ಓದುತ್ತಿದ್ದರು. ಪೆನ್ಸಿಲಿನದು ಅವರ ಹೊಟ್ಟೆಯೊಳಗೆ ಉಳಿಯುತ್ತಿತ್ತು.

"ಯವ್ವಾ, ಇದನ್ನೆಲ್ಲ ನಿನ್ನ ಕಂಪ್ಯೂಟರಿನಾಗ ಹಾಕಿಕೊಡು. ಕಣ್ಣು ಸಾಲವಲ್ಲವು," ಎಂದು ಒಂದು ಭಾನುವಾರ ಕಾಕಾ ಕೇಳಿದರು. ನಾನು ಹಿಗ್ಗಿ ಒಪ್ಪಿಕೊಂಡೆ. ಮಕ್ಕಳಿಗೆ ಅದೇ ಅದೇ ಪಾಠ ಹೇಳಿ ಬೇಸತ್ತಿದ್ದೆ; ಖರೆ ಕೆಲಸ ಅಂತ ಕೈಗೆ ಸಿಕ್ಕಿದ್ದು ಅದೇ ಮೊದಲು.

ಮೊದಲು ಎಲ್ಲರೂ ಮಾಡುವಂತೆ ಒಂದು ಫಾರ್ಮು ಮಾಡಿದೆ. ಹೆಸರು, ಎತ್ತರ, ಓದು, ನೌಕರಿ, ಹೊಲ, ಹೀಗೆ ಹದಿನೆಂಟು ಖಾನೆ. ಇಷ್ಟೇ ಖಾನೆ, ಇದರಾಚೆ ಏನನ್ನೂ ತುಂಬುವ ಹಾಗಿಲ್ಲ. ಒಂದು ವಾರ ಬಾಳಿಕೆ ಬರಲಿಲ್ಲ ಅದು. ಹೊಂಬಳದ ಒಬ್ಬ ವರನಿಗೆ ಟ್ರ್ಯಾಕ್ಟರ್ ಎರಡು, ಆದರೆ ಒಂದು ಅಣ್ಣನ ಪಾಲಿಗೆ ಹೋಗುವುದು. ಅದಕ್ಕೆ ಯಾವ ಖಾನೆ? ಮುಳಗುಂದದ ಒಬ್ಬ ಕನ್ಯೆ ಎಡಗೈಯಲ್ಲಿ ಬರೆಯುತ್ತಾಳೆ, ಬಲಗೈಯಲ್ಲಿ ಬಡಿಸುತ್ತಾಳೆ. ಅದಕ್ಕೆ? ಲಕ್ಷ್ಮೇಶ್ವರದ ಹೊಲಿಗೆ ಅಕ್ಕ ಫೋನಿನಲ್ಲಿ ಒಂದೇ ಸಮ ತಕರಾರು: "ಅಯ್ಯ, ಈ ಹುಡುಗನ ಅಜ್ಜಿ ಬಾಳ ಬೆರಕಿ ಅದಾಳ, ಅದನ್ನ ಎಲ್ಲಿ ತುಂಬಲಿ? ಎತ್ತರದ ಖಾನೇದಾಗ ತುಂಬಲೇನು?"

ಆಗ ಆ ಹದಿನೆಂಟು ಖಾನೆಯನ್ನು ಕಿತ್ತು ಒಗೆದೆ. ಪ್ರೋಗ್ರಾಮು ಬರೆಯುವವರಿಗೆ ಇನ್ನೊಂದು ದಾರಿ ಇದೆ. ಖಾನೆಗಳನ್ನು ಮೊದಲೇ ಗೊತ್ತು ಮಾಡುವುದೇ ಬೇಡ. ಒಬ್ಬೊಬ್ಬರಿಗೆ ಒಂದು ಖಾಲಿ ಆಬ್ಜೆಕ್ಟ್, ಗೆರೆಯೇ ಇಲ್ಲದ ಬರಿ ಪುಟದಂಥದ್ದು, ಮಾಡಿ ಬಿಡುವುದು. ಬೇಕೆನಿಸಿದಾಗ ಅದರ ಮುಂದೆ ಒಂದು ಚುಕ್ಕೆ ಇಟ್ಟು, ಮನಸ್ಸಿಗೆ ಬಂದ ಹೆಸರು ಕೊಟ್ಟು, ಅದರ ಎದುರಿಗೆ ಇದ್ದ ಸಂಗತಿ ಬರೆಯುವುದು. ಬರೆದ ಕ್ಷಣದಿಂದ ಆ ಗುಣ ಅದಕ್ಕೆ ಅಂಟಿತು. ಹಿಂದಿನ ಗಳಿಗೆಯಲ್ಲಿ ಅಂಥದೊಂದು ಇರಲಿಲ್ಲ, ಈಗ ಹುಟ್ಟಿನಿಂದಲೇ ಇದ್ದಂತೆ ಇರುತ್ತದೆ. 'ಟ್ರ್ಯಾಕ್ಟರಿನ ಪಾಲು' ಅಂದರೆ ಅದೂ ಸೈ, 'ಅಜ್ಜಿಯ ಸ್ವಭಾವ' ಅಂದರೆ ಅದೂ ಸೈ. ಒಬ್ಬರಿಗೆ ಐದು ಸಾಲು, ಇನ್ನೊಬ್ಬರಿಗೆ ಐವತ್ತು. ಮನುಷ್ಯರು ಹೇಗೆ ಇದ್ದಾರೋ ಹಾಗೆ. ಅದನ್ನು ಬರೆದ ಸಂಜೆ ನಾನು ಹೊಸ ಸೀರೆ ಉಟ್ಟವಳಂತೆ ಓಣಿಯಲ್ಲಿ ಅಡ್ಡಾಡಿದೆ. ಎಲ್ಲರನ್ನೂ ಒಂದೇ ಅಳತೆಯ ಖಾನೆಯಿಂದ ಬಿಡಿಸಿದ್ದೇನೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಕಾಕಾ ಅಂದು ಒಂದೇ ಮಾತು ಕೇಳಿದ್ದರು. "ಇದರಾಗ ಪೆನ್ಸಿಲ್ ಎಲ್ಲೈತಿ?"

"ಪೆನ್ಸಿಲ್ ಯಾಕ ಬೇಕ್ರಿ ಕಾಕಾ? ಎಲ್ಲಾ ಒಂದ. ಬರದದ್ದು ಕಳಿಯೂದ ಇಲ್ಲ ಇದರಾಗ," ಎಂದೆ ಜಂಬದಿಂದ. ಅವರು ತಲೆಯಾಡಿಸಿ ಹಳೆಯ ಪುಸ್ತಕಗಳನ್ನು ಕಪಾಟಿಗೆ ಸೇರಿಸಿದರು. ಸಾಲದ್ದಕ್ಕೆ ಇನ್ನೊಂದು ಜಾಣತನ ಮಾಡಿದೆ. ಆ ಮೂರೂ ಊರಿನವರು ತಮ್ಮ ತಮ್ಮ ಫೋನಿನಿಂದಲೇ ಸಾಲು ಸೇರಿಸಬಹುದು. ಸಂಬಂಧ ಹತ್ತಿರ ಬಂದಾಗ ಒಂದು ಗುಂಡಿ ಒತ್ತಿದರೆ ಸಾಕು, ಎದುರಿನವರ ಹಾಳೆ ಅಚ್ಚಾಗಿ ಬರುತ್ತದೆ. ಹಾಳೆಗೆ ನಾನು ಬರೆದದ್ದು ಎರಡೇ ಗೆರೆ ಕೋಡು: ಈ ಆಬ್ಜೆಕ್ಟಿಗೆ ಏನೇನು ಅಂಟಿದೆಯೋ ಅದನ್ನೆಲ್ಲ ಒಂದೊಂದಾಗಿ ಅಚ್ಚು ಮಾಡು. ಎಷ್ಟು ಚೊಕ್ಕಟ ಕೋಡು ಅಂದುಕೊಂಡಿದ್ದೆ! ಸಾಲು ಯಾರು ಸೇರಿಸಿದರು, ಯಾರು ಹೇಳಿದರು ಎಂಬುದು ಅಚ್ಚಿನಲ್ಲಿ ಬರುವುದಿಲ್ಲ; ಒಳಗೆ ಮಾತ್ರ ಇರುತ್ತದೆ, ನೋಡಬೇಕೆಂದರೆ ನಾನು ಒಬ್ಬಳೇ ನೋಡಬಹುದು.

ಅವ್ವ ನನ್ನ ಫೋಟೋ ಕಾಕಾನ ಕೈಗೆ ಕೊಟ್ಟು ಆಗಲೇ ವರ್ಷಗಳಾಗಿದ್ದವು. ಎಲ್ಲರದೂ ಕಂಪ್ಯೂಟರಿಗೆ ಹಾಕುವಾಗ ನನ್ನದೂ ಹಾಕಿದೆ, ನಾಲ್ಕು ಸಾಲು. ಆಮೇಲೆ ಅದನ್ನು ತೆರೆದು ನೋಡಲಿಲ್ಲ. ತನ್ನದನ್ನು ತಾನು ನೋಡಿಕೊಳ್ಳುವುದು ಕನ್ನಡಿ ಮುಂದೆ ಬಹಳ ಹೊತ್ತು ನಿಂತಂತೆ, ನಾಚಿಕೆ. ಅವ್ವ ನನ್ನ ಸಲುವಾಗಿ ಸೋಮವಾರ ಹಿಡಿದಿದ್ದಳು. ಆ ದಿನ ಸಂಜೆಯ ತನಕ ಒಂದು ಲೋಟ ಹಾಲು, ಅಷ್ಟೇ. ಬಂದವರೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, "ತಿಳಸ್ತೇವ್ರಿ" ಅಂದು ಹೋಗುತ್ತಿದ್ದರು. ನನಗೂ ಅಂಥ ದುಃಖವೇನೂ ಆಗುತ್ತಿರಲಿಲ್ಲ. ಮುಳಗುಂದದ ಒಬ್ಬನನ್ನಂತೂ ನಾನೇ ಬೇಡ ಅಂದಿದ್ದೆ.

ಡೋಣಿ ಎಂಬ ಊರಿನವನು ಬಂದಾಗ ಮಾತ್ರ ಹಾಗಾಗಲಿಲ್ಲ.

ಅವನು ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವ ಕೆಲಸದವನು. ಅಕ್ಕನೊಂದಿಗೆ ಕನ್ಯಾ ನೋಡಲು ಬಂದಿದ್ದ. ತಂದೆ ತಾಯಿ ಇಲ್ಲ, ಅಕ್ಕನೇ ಹಿರಿಯಳು. ಎಲ್ಲರೂ ಕೇಳುವ ಹಾಗೆ ಅಡಿಗೆ ಬರುತ್ತದೆಯೇ ಎಂದು ಕೇಳಲಿಲ್ಲ. "ನೀವು ಮಾಡೂ ಕೆಲಸ ಏನ್ರಿ ಖರೆ ಅಂದ್ರ?" ಎಂದ. ಕಾಕಾನ ಪ್ರೋಗ್ರಾಮು ನನ್ನದೇ ಎಂದೆ, ಆ ಖಾಲಿ ಆಬ್ಜೆಕ್ಟಿನ ಕತೆಯನ್ನೂ ಹೇಳಿದೆ. ಅವನು ಬಸಿಯೊಳಗಿನ ಚಹಾ ಆರುವ ತನಕ ವಿಚಾರ ಮಾಡಿದ.

"ಹಂಗಾದ್ರ ಅದರಾಗ ಏನಿಲ್ಲ ಅನ್ನೂದು ಹೆಂಗ ಗೊತ್ತಾಗ್ತೈತ್ರಿ? ನಮ್ಮ ಯಂತ್ರದಾಗ ಒಂದು ಬೋಲ್ಟ್ ಇಲ್ಲಂದ್ರ ಅಲಾರಾಂ ಹೊಡೀತೈತಿ. ಯಾಕಂದ್ರ ಇಷ್ಟು ಬೋಲ್ಟ್ ಇರಬೇಕಂತ ಮೊದಲ ಬರದಿರ್ತಾರ. ನಿಮ್ಮದರಾಗ ಯಾರೂ ಏನೂ ಬರದಿಲ್ಲ. ಇಲ್ಲದ್ದು ಇಲ್ಲಂತ ಯಾರು ಹೇಳಬೇಕು? ಇರಬಾರದ್ದು ಬಂದು ಕುಂತ್ರ ಅದನ್ನರ ಯಾರು ಹೇಳಬೇಕು?"

ಅಬಾಬಾ! ನನ್ನ ಜೊತೆ ಪಾಠ ಹೇಳುವವರು ಯಾರೂ ಕೇಳದ ಪ್ರಶ್ನೆ. "ವಿಚಾರ ಮಾಡಿ ಹೇಳ್ತೀನ್ರಿ," ಎಂದೆ. "ಆತು, ಮುಂದಿನ ಸಲ ಬಂದಾಗ ಹೇಳ್ರಿ," ಎಂದು ನಕ್ಕ. ಮುಂದಿನ ಸಲ ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಅವರು ಹೋದ ಮೇಲೆ ತಾಟು ತೊಳೆಯುತ್ತ ನಾನು ಹಾಡು ಗುನುಗುತ್ತಿದ್ದೆನಂತೆ. ಅವ್ವ ಅದನ್ನು ಕೇಳಿಸಿಕೊಂಡಿದ್ದಳು. "ಏ ಖೋಡಿ, ಹಿಡಿಸ್ಯಾನೇನು?" ಎಂದಳು. "ಹೂಂ, ಹಿಡಿಸ್ಯಾನ," ಎಂದೆ. ಮೂವತ್ತಮೂರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವ್ವ ಒಳಗೆ ಹೋಗಿ ಹಿಟ್ಟು ಕಲಸತೊಡಗಿದಳು.

ಮುಂದೆ ಏನೂ ಬರಲಿಲ್ಲ. ಒಂದು ವಾರ ಹೋಯಿತು, ಎರಡು ಹೋದವು, ಮೂರು ಹೋದವು. ಎರಡೂ ಕಡೆಯವರು ಒಪ್ಪುವ ತನಕ ಫೋನ್ ನಂಬರು ಕೊಡಬಾರದೆಂಬುದು ಕಾಕಾನ ನಿಯಮ. ಅವನ ನಂಬರು ನನ್ನದೇ ಪ್ರೋಗ್ರಾಮಿನಲ್ಲಿ, ನನ್ನ ಕಣ್ಣೆದುರಿಗೇ ಇತ್ತು. ಮುಟ್ಟುವುದಿಲ್ಲವೆಂದು ಕಾಕಾನಿಗೆ ಮಾತು ಕೊಟ್ಟಿದ್ದೆ. ನಾಲ್ಕನೆಯ ವಾರ ಒಂದು ಮಧ್ಯಾಹ್ನ ತರಬೇತಿ ಕೇಂದ್ರದಲ್ಲಿ ಕರೆಂಟು ಹೋಗಿ ಮಕ್ಕಳನ್ನು ಬಿಟ್ಟೆವು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು. ಅವನದನ್ನು ಬಿಟ್ಟು ನನ್ನದನ್ನೇ ತೆರೆದೆ.

ಇಪ್ಪತ್ತೇಳು.

'ವಯಸ್ಸು' ಎಂದು ನಾನು ಬರೆದದ್ದರ ಕೆಳಗೇ 'ಖರೆ ವಯಸ್ಸು: ಎರಡು ಹೆಚ್ಚಿರಬಹುದು' ಎಂದು ಇನ್ನೊಂದು ಸಾಲು. 'ಗಾಡಿ ಹೊಡೆಯುವುದು: ಜೋರು.' 'ಕನ್ನಡಕ: ಇದೆ, ನೋಡಲು ಹೋದಾಗ ಹಾಕಿರಲಿಲ್ಲ.' 'ನಗು: ಕಡಿಮೆ.' 'ಮಾತಿಗೆ ಮಾತು: ಕೊಡುತ್ತಾಳೆ.' 'ಮುಳಗುಂದದ ವರನನ್ನು ಬೇಡ ಅಂದದ್ದು: ಹೌದು.' ಅದರ ಕೆಳಗೆ 'ಕಾರಣ: ತಿಳಿಯಲಿಲ್ಲ, ಇರಬಹುದು.' ಏನು ಇರಬಹುದು? ಏನಿರಬಹುದಂತೆ? ಬೆಂಚಿನ ಮೇಲೆ ಕೈ ಬಡಿದೆ, ಅಂಗೈ ಉರಿಯಿತು. ನನ್ನನ್ನು ಒಮ್ಮೆಯೂ ಕಾಣದ ಜನ ನನಗೆ ಗುಣ ಅಂಟಿಸಿದ್ದರು. ಯಾರೂ ಸುಳ್ಳೆಂದು ಉಜ್ಜಿರಲಿಲ್ಲ. ಉಜ್ಜಲು ನಾನೇ ರಬ್ಬರು ಕೊಟ್ಟಿರಲಿಲ್ಲ. ಹದಿನೆಂಟು ಖಾನೆಯ ಫಾರ್ಮಿನಲ್ಲಿ ನನ್ನನ್ನು ಇಟ್ಟಿದ್ದರೆ ಕಡೆಗೆ ಹದಿನೆಂಟಕ್ಕಾದರೂ ನಿಲ್ಲುತ್ತಿತ್ತು. ಖಾಲಿ ಬಿಟ್ಟೆನಲ್ಲ, ಅದಕ್ಕೇ ಬಂದವರೆಲ್ಲ ಒಂದೊಂದು ಮೊಳೆ ಹೊಡೆದು ಹೋದರು.

ಕೊನೆಯ ಸಾಲು: 'ಮನೆ ಬಿಟ್ಟು ಹೋಗುವವಳಲ್ಲ: ಹೌದು.'

ಯಾರು ಹೇಳಿದರೆಂದು ಒಳಗೆ ನೋಡಿದೆ. ಸೇರಿಸಿದವರು: ಕಾಕಾ. ಹೇಳಿದವರು: ತಾಯಿ. ತಾರೀಖು, ಡೋಣಿಯವರು ಬಂದು ಹೋದ ನಾಲ್ಕನೆಯ ದಿನದ್ದು.

ಮೊದಲು ನಂಬಲಿಲ್ಲ. ಬೇರೆ ಯಾರದೋ ತಾಯಿ ಅಂದುಕೊಂಡೆ, ನೋಡಿ, ಅಷ್ಟು ಹುಚ್ಚು ಹಿಡಿದಿತ್ತು. ಸ್ಕೂಟಿ ತೆಗೆದುಕೊಂಡು ನೇರವಾಗಿ ಕಾಕಾನ ಪಡಸಾಲೆಗೆ ಹೋದೆ. ಕಾಕಾ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಲ್ಯಾಪ್‌ಟಾಪು ಅವರ ಮುಂದೆ ಇಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ. ಅವರು ಎಲೆ ಕೆಳಗಿಟ್ಟರು.

"ನಿಮ್ಮವ್ವನ ಬಂದಿದ್ಲವಾ. ಇಲ್ಲೇ ಕುಂತು ಅತ್ಲು. 'ನನ್ನ ಮಗಳು ಮನಿ ಬಿಟ್ಟು ಹೋಗಾಕಿ ಅಲ್ಲ, ಬರಕೋರಿ' ಅಂದ್ಲು. ನಾ ಬರದೆ. ಎಂಟು ದಿನ ಬಿಟ್ಟು ಮತ್ತ ಕೇಳೂಣು, ನಿಮ್ಮವ್ವನ ಅದನ್ನ ತಗೀರಿ ಅಂತಾಳ ಅನಕೊಂಡಿದ್ದೆ. ಅಷ್ಟ್ರಾಗ ಮುಂಡರಗಿ ಬಳೆ ಅಂಗಡ್ಯಾಕಿ ಗುಂಡಿ ಒತ್ತಿ ಹಾಳಿ ತಗದು ಡೋಣಿಯವರ ಕೈಯಾಗ ಕೊಟ್ಟುಬಿಟ್ಲು."

"ನೀವರ ನನಗ ಒಂದು ಮಾತು ಕೇಳಬಾರದೇನ್ರಿ ಕಾಕಾ?"

"ಹೆಂಗ ಕೇಳಲವಾ? ತಾಯಿ ಮಗಳ ನಡಕ ಬೆಂಕಿ ಹಚ್ಚಲೇನು?" ಕಾಕಾ ಕಪಾಟಿನ ಕಡೆ ನೋಡಿದರು. "ಅಳಕೋತ ಹೇಳಿದ್ದನ್ನ ನಾ ಯಾವತ್ತೂ ಶಾಯೀಲೆ ಬರದಾಂವಲ್ಲ. ಹಳೇ ಪುಸ್ತಕ ಇದ್ದಿದ್ರ ಪೆನ್ಸಿಲ್‌ಲೆ ಬರೀತಿದ್ದೆ. ನಿನ್ನ ಕಂಪ್ಯೂಟರಿನಾಗ ಪೆನ್ಸಿಲ್ ಇಲ್ಲಲ್ಲ."

ಲ್ಯಾಪ್‌ಟಾಪು ಎತ್ತಿಕೊಂಡೆ. ಮನೆಗೆ ಹೋದೆ. ಅವ್ವ ಹೊಸ್ತಿಲ ಹತ್ತಿರ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೋಮವಾರ. ಬೆಳಗಿನಿಂದ ಏನೂ ತಿಂದಿರಲಿಲ್ಲ, ನನ್ನ ಮದುವೆಯಾಗಲಿ ಎಂದು. ಅದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು.

"ಉಪಾಸ ಬಿಡು, ಎದ್ದು ಉಣ್ಣು," ಎಂದೆ. "ನೀನ ಬ್ಯಾಡಂತ ಬರಿಸಿ ಬಂದೀ. ಮ್ಯಾಲ ಆ ದೇವರನ್ನ ಯಾಕ ಕಾಡ್ತಿ?"

ಅವ್ವನ ಕೈ ಜೋಳದಲ್ಲಿ ನಿಂತಿತು. ಜಗಳಕ್ಕೆ ಬರುತ್ತಾಳೆಂದು ಕಾಯ್ದೆ. ಬಂದಿದ್ದರೆ ಚೆನ್ನಾಗಿತ್ತು. ಅವಳು ಒಂದು ಹರಳು ಆರಿಸಿ ಹೊರಗೆ ಒಗೆದಳು, ಇನ್ನೊಂದು ಆರಿಸಿದಳು.

"ಅನ್ನಬಾರದಿತ್ತು. ಅಂದುಬಿಟ್ನಿ," ಎಂದಳು. "ನೀ ಆವತ್ತು ಹಾಡಿಕೋತ ತಾಟು ತೊಳಿಯಾಕ ಹತ್ತಿದ್ದಿ. ಇಷ್ಟು ದಿನ ಯಾರರ ಬಂದು ಹೋದ್ರ ನನಗೇನೂ ಅನಸ್ತಿರಲಿಲ್ಲ, ನೀ ಹೋಗೂದಿಲ್ಲಂತ ಗೊತ್ತಿತ್ತು. ಆವತ್ತು ಮಾತ್ರ, ಇಕಿ ಹೋಗ್ತಾಳ ಅನಿಸ್ತು. ಸಂಜಿ ಮುಂದ ದೀಪ ಹಚ್ಚಿ ನಾ ಒಬ್ಬಾಕೀನ ಯಾರ ಮಾರಿ ನೋಡಲಿ?"

"ಡೋಣಿ ಏನು ದೇಶಾಂತರ ಐತೇನು? ಒಂದು ಬಸ್ಸಿನ ಹಾದಿ."

"ಗೊತ್ತೈತಿ. ಬಸ್ ಗೊತ್ತೈತಿ, ಹಾದೀನೂ ಗೊತ್ತೈತಿ. ಆದ್ರೂ ಅಂದುಬಿಟ್ನಿ." ಆಮೇಲೆ ಸಣ್ಣ ದನಿಯಲ್ಲಿ, "ಉಪಾಸ ಖರೇನ ಮಾಡೇನಿ ನೋಡು. ಅದು ಸುಳ್ಳಲ್ಲ," ಎಂದಳು.

ನನಗೆ ಗೊತ್ತು, ಅದು ಸುಳ್ಳಲ್ಲ. ಎರಡೂ ಖರೆ. ಅದನ್ನೇ ನನಗೆ ನುಂಗಲಾಗಲಿಲ್ಲ. ಸುಳ್ಳು ಹೇಳಿದ್ದರೆ ಬಾಗಿಲು ಬಡಿದು ಹೊರಗೆ ಹೋಗಬಹುದಿತ್ತು.

ಮರುದಿನ ಮಧ್ಯಾಹ್ನ ತರಬೇತಿ ಕೇಂದ್ರದ ಮೆಟ್ಟಿಲ ಮೇಲೆ ಕೂತು ಕಾಕಾನಿಗೆ ಕೊಟ್ಟ ಮಾತು ಮುರಿದೆ. ಡೋಣಿಯವನ ನಂಬರು ಒತ್ತಿದೆ. ನಾನು ಇಂಥವಳು ಎಂದ ಕೂಡಲೇ ಅವನು ಗುರುತು ಹಿಡಿದ. ಹಿಂದೆ ಗಾಳಿಯ ಸಪ್ಪಳ ಜೋರಾಗಿತ್ತು, ಯಂತ್ರದ ಬುಡದಲ್ಲಿ ನಿಂತಿದ್ದನೇನೋ.

"ಆ ಹಾಳಿಯೊಳಗಿನ ಕಡೀ ಸಾಲು ನನ್ನದಲ್ಲರಿ," ಎಂದೆ. "ನಾ ಹಂಗ ಹೇಳಿಲ್ಲ."

ಅವನು ಗಾಳಿಯ ಮರೆಗೆ ಸರಿದನೇನೋ, ದನಿ ಸ್ಪಷ್ಟವಾಯಿತು.

"ನಮ್ಮ ಅಕ್ಕ ಹಾಳಿ ತಂದು ಮುಂದ ಇಟ್ಲರಿ. ಬರೂದಿಲ್ಲನ್ನಾಕಿನ್ನ ಒತ್ತಾಯ ಮಾಡೂದು ಪಾಪ ಅಂದ್ಲು. ಕೇಳೂಣು ಅಂತ ನನಗನಸಿತ್ತು. ಆದ್ರ ಪ್ರೋಗ್ರಾಮು ನಿಮ್ಮದ ಅಲ್ಲರಿ? ನಿಮ್ಮ ಕೈಯಾಗಿನ ಹಾಳಿ. ಇರಬಾರದ್ದಿದ್ರ ನೀವ ತಗೀತಿದ್ರಿ, ಇಟ್ಟೀರಿ ಅಂದ್ರ ನೀವ ಹೇಳಿದಂಗ ಅಂತ ತಿಳಕೊಂಡೆ." ಆಮೇಲೆ ಹೇಳಿದ, "ಶಿರಹಟ್ಟಿ ಹುಡುಗಿ ಜೋಡಿ ನಂದು ಮೊನ್ನೆ ನಿಶ್ಚಯ ಆತ್ರಿ."

"ಚಲೋ ಆತ್ರಿ," ಎಂದೆ. ಅವನು ಕೇಳಿದ್ದ ಪ್ರಶ್ನೆಗೆ ಉತ್ತರ, ಪೆನ್ಸಿಲು ರಬ್ಬರು ಹಿಡಿದು ಕೂರುವ ಒಬ್ಬ ಮನುಷ್ಯ ಬೇಕು ಎಂಬುದು, ಅಷ್ಟು ಹೊತ್ತಿಗೆ ನನಗೆ ಸಿಕ್ಕಿತ್ತು. ಹೇಳುವ ಸಂದರ್ಭ ಅದಾಗಿರಲಿಲ್ಲ.

ಆ ವಾರವೇ ಪ್ರೋಗ್ರಾಮಿಗೆ ಪೆನ್ಸಿಲು ಹಾಕಿಕೊಟ್ಟೆ. ದೊಡ್ಡ ಕೆಲಸವಲ್ಲ, ಒಂದು ಮಧ್ಯಾಹ್ನದ್ದು. ಈಗ ಯಾವ ಸಾಲು ಸೇರಿಸಿದರೂ ಅದು ಮೊದಲು ಬೂದು ಬಣ್ಣದಲ್ಲಿ ಕೂರುತ್ತದೆ, ಹಾಳೆಯಲ್ಲಿ ಅಚ್ಚಾಗುವುದಿಲ್ಲ. ಕಾಕಾ ನೋಡಿ ಗಟ್ಟಿ ಎಂದರೆ ಮಾತ್ರ ಶಾಯಿ, ಸುಳ್ಳೆಂದರೆ ಉಜ್ಜಿಬಿಡುವುದು. ಕಾಕಾ ಬಹಳ ಖುಷಿಪಟ್ಟರು, ಒಂದು ಸಾಲು ಉಜ್ಜಿ ಅಭ್ಯಾಸಬಲದಿಂದ ಲ್ಯಾಪ್‌ಟಾಪಿನ ಮೇಲೆ ಉಫ್ ಎಂದು ಊದಿದರು. ಆದರೆ ಹಳೆಯ ಸಾಲುಗಳನ್ನೆಲ್ಲ ಒಮ್ಮೆ ಜರಡಿ ಹಿಡಿಯಬೇಕಿತ್ತು. ನಾನು ಒಬ್ಬೊಬ್ಬರದನ್ನು ಓದುವುದು, ಅವರು 'ಶಾಯಿ', 'ಪೆನ್ಸಿಲ್', 'ಉಜ್ಜು' ಅನ್ನುವುದು. ಹೀಗೆ ದಿನಾ ಸಂಜೆ ಕೂತೆವು. ಡೋಣಿಯವನ ಪುಟ ಬಂದಾಗ 'ನಿಶ್ಚಯ: ಶಿರಹಟ್ಟಿ' ಎಂಬ ಸಾಲನ್ನು ನಾನೇ ಸೇರಿಸಿದೆ. ಅದಕ್ಕೆ ಯಾರೂ ಏನೂ ಕೇಳುವುದಿರಲಿಲ್ಲ, ಶಾಯಿ.

ನನ್ನ ಪುಟ ಬಂದ ಸಂಜೆ ಕಾಕಾ, "ನಿಂದು ನೀನ ಮಾಡಕೋವಾ," ಎಂದು ಚಹಾದ ನೆವದಲ್ಲಿ ಒಳಗೆ ಹೋದರು. ಖರೆ ವಯಸ್ಸು, ಉಜ್ಜಿದೆ. ಕಾರಣ ಇರಬಹುದು, ಉಜ್ಜಿದೆ. ಕನ್ನಡಕ, ಶಾಯಿ, ಇದೆ, ಹಾಕಿಕೊಳ್ಳುತ್ತೇನೆ, ಏನೀಗ? ಮಾತಿಗೆ ಮಾತು, ಶಾಯಿ. ನಗು ಕಡಿಮೆ ಎಂಬುದರ ಮೇಲೆ ಸ್ವಲ್ಪ ಹೊತ್ತು ಕೈ ನಿಂತಿತು. ಅದನ್ನು ಪೆನ್ಸಿಲಿನಲ್ಲೇ ಬಿಟ್ಟೆ.

ಕೊನೆಯದು ಉಳಿಯಿತು. 'ಮನೆ ಬಿಟ್ಟು ಹೋಗುವವಳಲ್ಲ: ಹೌದು.' ಕಾಕಾನ ಪಡಸಾಲೆಯ ಕಿಟಕಿಯಿಂದ ನಮ್ಮ ಮನೆಯ ಬಾಗಿಲು ಕಾಣುತ್ತದೆ. ಅವ್ವ ದೀಪ ಹಚ್ಚಿ ಹೊರಗೆ ಬಂದು, ನಾನು ಬರುವ ಹಾದಿ ನೋಡುತ್ತ ಕಟ್ಟೆಯ ಮೇಲೆ ಕೂತಿದ್ದಳು. ನಾಲ್ಕೇ ಮನೆ ಆಚೆ ಇದ್ದೇನೆ, ಆದರೂ ನೋಡುತ್ತಿದ್ದಳು. ಅವಳು ಬರೆಸಿದ ದಿನ ಆ ಸಾಲು ಸುಳ್ಳಾಗಿತ್ತು. ಅಂದು ಉಜ್ಜಿದ್ದರೆ ಉಜ್ಜಬಹುದಿತ್ತು, ಈಗ ಅದು ಖರೆಯಾಗಿತ್ತು. ಒಳಗಿಂದ ಕಾಕಾ, "ಮುಗೀತೇನವಾ?" ಎಂದು ಕೂಗಿದರು.

"ಹೂಂ, ಮುಗೀತ್ರಿ," ಎಂದೆ. ಆ ಸಾಲಿಗೆ ಶಾಯಿ ಒತ್ತಿ, ಲ್ಯಾಪ್‌ಟಾಪು ಮುಚ್ಚಿ, ಮನೆಗೆ ಹೋದೆ.